ಹುಳ-ನುಸಿ ಹತ್ತಿ ನೆಲ ಹಿಡಿದ ಕೋಳಿಯನ್ನು ಉಳಿಸಿಕೊಳ್ಳುವುದು ಹೇಗೆ: ಮೊದಲ ಗಂಟೆಯಿಂದ ಗೂಡಿಗೆ ಮರಳುವವರೆಗೆ

"ಮೈತುಂಬ ನುಸಿ ಕಂಡಿತು, ಸೋಪು ಹಾಕಿ ತೊಳೆದೆ. ಹುಳದ ಔಷಧಿಯನ್ನೂ ಕುಡಿಸಿದೆ. ಬೆಳಿಗ್ಗೆ ನೋಡಿದರೆ ಸತ್ತು ಬಿದ್ದಿತ್ತು." ನಾಟಿ ಕೋಳಿ ಸಾಕುವವರಿಂದ ಈ ಮಾತು ಮತ್ತೆ ಮತ್ತೆ ಕೇಳಿಬರುತ್ತದೆ. ಎಷ್ಟೋ ಸಲ ಅವರು ತಂದ ಔಷಧಿ ಸರಿಯಾಗಿಯೇ ಇರುತ್ತದೆ. ಕೊಟ್ಟ ಹೊತ್ತು ತಪ್ಪಿರುತ್ತದೆ.

ಒಂದೂವರೆ ಕೆಜಿ ತೂಕದ ಹೇಂಟೆಯ ಮೈಯಲ್ಲಿ ಇರುವುದೇ ಸುಮಾರು 100 ಮಿ.ಲೀ. ರಕ್ತ. ಅದರಲ್ಲಿ ದೊಡ್ಡ ಪಾಲನ್ನು ನುಸಿಯೋ ಉಣ್ಣೆಯೋ ಕುಡಿದಿರುವಾಗ ಕೋಳಿಗೆ ಮೈ ಬಿಸಿ ಉಳಿಸಿಕೊಳ್ಳಲೂ ಶಕ್ತಿ ಇರುವುದಿಲ್ಲ. ಅಂಥ ಹೊತ್ತಲ್ಲಿ ನೀರಲ್ಲಿ ಮುಳುಗಿಸಿದರೆ ಅದು ಚಳಿಗೇ ಸಾಯುತ್ತದೆ. ಹೊಟ್ಟೆ ತುಂಬ ಹುಳ ಇರುವಾಗ ಜೋರಾದ ಔಷಧಿ ಕೊಟ್ಟರೆ ಸತ್ತ ಹುಳಗಳ ಗಂಟು ಕರುಳನ್ನೇ ಕಟ್ಟಿಬಿಡಬಹುದು. ಆದ್ದರಿಂದ ಇಲ್ಲಿ ಕ್ರಮವೇ ಮುಖ್ಯ. ಮೊದಲು ಬೆಚ್ಚಗಿಡಬೇಕು. ಆಮೇಲೆ ನೀರು. ಆಮೇಲೆ ರಕ್ತ ಕುಡಿಯುವುದನ್ನು ನಿಲ್ಲಿಸಬೇಕು. ಆಮೇಲೆ ಆಹಾರ. ಹೊಟ್ಟೆಹುಳದ ಸರದಿ ಕೊನೆಗೆ. ಗೂಡಿನ ಕೆಲಸ ಮಾತ್ರ ಅದೇ ದಿನ, ಸಾಧ್ಯವಾದರೆ ಮನೆಯ ಇನ್ನೊಬ್ಬರ ಕೈಯಲ್ಲಿ ಆಗಬೇಕು.

## ಕೈಗೆ ಸಿಗುವಂತೆ ಇಟ್ಟುಕೊಳ್ಳಬೇಕಾದ ಸಾಮಾನು

ದೊಡ್ಡ ರಟ್ಟಿನ ಡಬ್ಬ ಅಥವಾ ಅಗಲವಾದ ಪ್ಲಾಸ್ಟಿಕ್ ಕ್ರೇಟ್. ಬಿಳಿ ಹಳೇ ಬಟ್ಟೆ ಇಲ್ಲವೇ ಹಳೇ ಪೇಪರ್. 40 ಅಥವಾ 60 ವ್ಯಾಟ್‌ನ ಹಳೇ ಕಾಲದ ತಂತಿ ಬಲ್ಬು. ಎಲ್‌ಇಡಿ ಬಲ್ಬು ಹಾಕಿ "ಬಿಸಿ ಇಟ್ಟಿದ್ದೇವೆ" ಅನ್ನುವವರು ತುಂಬಾ ಜನ. ಅದು ಬೆಳಕು ಕೊಡುತ್ತದೆ, ಕೋಳಿ ಬೆಚ್ಚಗಾಗುವಷ್ಟು ಶಾಖ ಕೊಡುವುದಿಲ್ಲ.

ಇದರ ಜೊತೆಗೆ ಟಾರ್ಚ್, ಕೈಗವಸು, 1 ಮಿ.ಲೀ. ಮತ್ತು 5 ಮಿ.ಲೀ. ಸಿರಿಂಜ್ (ಸೂಜಿ ಬೇಡ), ಓಆರ್‌ಎಸ್ ಪೊಟ್ಟಣ, ಚಿಮಟ, ಹತ್ತಿ, ಉಪ್ಪು, ಅಡುಗೆಮನೆಯ ಡಿಜಿಟಲ್ ತಕ್ಕಡಿ ಬೇಕು. ತಕ್ಕಡಿ ಯಾಕೆ ಅಂತ ಕೇಳಬೇಡಿ. ಕೋಳಿಗೆ ಕೊಡುವ ಪ್ರತಿ ಔಷಧಿಯೂ ತೂಕದ ಲೆಕ್ಕದ ಮೇಲೆ ನಿಂತಿದೆ. ಕಣ್ಣಂದಾಜಿನಲ್ಲಿ ಹೇಳಿದ ತೂಕ ಬಹುತೇಕ ಜಾಸ್ತಿಯೇ ಆಗಿರುತ್ತದೆ, ಯಾಕೆಂದರೆ ಪುಕ್ಕ ಉಬ್ಬಿಸಿದ ಕೋಳಿ ದೊಡ್ಡದಾಗಿ ಕಾಣುತ್ತದೆ.

## ಹಂತ 1: ಬೇರೆ ಮಾಡಿ, ಬೆಚ್ಚಗಿಡಿ

ಕೋಳಿಯನ್ನು ಗೂಡಿನಿಂದ ಈಗಲೇ ತೆಗೆಯಿರಿ. ಇದರಿಂದ ಎರಡು ಲಾಭ. ಉಳಿದ ಕೋಳಿಗಳು ಕುಕ್ಕುವುದು ತಪ್ಪುತ್ತದೆ. ಗೂಡಿನ ಸಂದಿಯಲ್ಲಿ ಅಡಗಿದ್ದು ರಾತ್ರಿ ಮಾತ್ರ ಬಂದು ರಕ್ತ ಹೀರುವ ಕೆಂಪು ನುಸಿಯಿಂದ ಇವತ್ತಿನ ರಾತ್ರಿಯೇ ಬಿಡುಗಡೆ ಸಿಗುತ್ತದೆ.

ಡಬ್ಬದ ತಳಕ್ಕೆ ಬಿಳಿ ಬಟ್ಟೆ ಅಥವಾ ಪೇಪರ್ ಹಾಸಿ. ಹುಲ್ಲು, ಹೊಟ್ಟು ಬೇಡ. ಅದರಲ್ಲಿ ನುಸಿ ಅಡಗಿಕೊಳ್ಳುತ್ತದೆ, ಹಿಕ್ಕೆಯ ಬಣ್ಣವೂ ಗೊತ್ತಾಗುವುದಿಲ್ಲ. ಬಿಳಿ ಹಾಸಿನ ಮೇಲೆ ಉದುರಿದ ನುಸಿ ಕಣ್ಣಿಗೆ ಬೀಳುತ್ತದೆ. ಹಾಸು ಬದಲಿಸಿದಾಗಲೆಲ್ಲ ಹಳೆಯದನ್ನು ಸುಟ್ಟುಬಿಡಿ.

ಬಲ್ಬನ್ನು ಡಬ್ಬದ ಒಂದು ಪಕ್ಕಕ್ಕೆ ಮಾತ್ರ ಕಟ್ಟಿ, ಕೋಳಿಯ ಬೆನ್ನಿನಿಂದ ಒಂದೂವರೆ ಅಡಿಯಾದರೂ ಮೇಲಿರಲಿ. ಬಟ್ಟೆಗೂ ರಟ್ಟಿಗೂ ತಾಗಬಾರದು. ಸೆಕೆ ಅನ್ನಿಸಿದರೆ ಕೋಳಿ ಆ ಕಡೆ ಸರಿಯುವಷ್ಟು ಜಾಗ ಇರಬೇಕು. ಒಳಗೆ 28ರಿಂದ 30 ಡಿಗ್ರಿ ಸೆಲ್ಸಿಯಸ್ ಇದ್ದರೆ ಸಾಕು. ಕೋಳಿಯ ಮೈ ಬಿಸಿ ಸಹಜವಾಗಿಯೇ 41 ಡಿಗ್ರಿ ಆಸುಪಾಸು ಇರುತ್ತದೆ. ನೆಲ ಹಿಡಿದ ಕೋಳಿಯ ಕಾಲು, ಪಾದ ಮುಟ್ಟಿದಾಗ ತಣ್ಣಗಿದ್ದರೆ ಅದು ಅಪಾಯದಲ್ಲಿರಬಹುದು.

ಕರೆಂಟ್ ಇಲ್ಲದಿದ್ದರೆ ಪ್ಲಾಸ್ಟಿಕ್ ಬಾಟಲಿಗೆ ಬಿಸಿನೀರು ತುಂಬಿ, ಬಟ್ಟೆ ಸುತ್ತಿ ಪಕ್ಕದಲ್ಲಿಡಿ. ಎರಡು ಮೂರು ಗಂಟೆಗೊಮ್ಮೆ ನೀರು ಬದಲಿಸಲೇಬೇಕು. ತಣ್ಣಗಾದ ಬಾಟಲಿಯನ್ನು ಹಾಗೇ ಬಿಟ್ಟರೆ ಅದು ಕೋಳಿಯ ಮೈ ಬಿಸಿಯನ್ನೇ ಎಳೆದುಕೊಳ್ಳುತ್ತದೆ.

ಎಚ್ಚರಿಕೆ: ಬಾಯಿ ತೆರೆದು ಏದುಸಿರು ಬಿಡುತ್ತಾ ರೆಕ್ಕೆ ಅಗಲಿಸಿದರೆ ಬಿಸಿ ಜಾಸ್ತಿಯಾಗಿದೆ. ಬಲ್ಬು ತಕ್ಷಣ ಮೇಲೆತ್ತಿ. ಬಲ್ಬು ಆರಿಸಿದ ಮೇಲೂ ಏದುಸಿರು ನಿಲ್ಲದಿದ್ದರೆ ಅದು ಸೆಕೆಯಲ್ಲ, ಉಸಿರಾಟದ ತೊಂದರೆ.

## ಹಂತ 2: ಏನು ಹತ್ತಿದೆ ಎಂದು ನೋಡಿ

ಅರ್ಧ ಗಂಟೆ ಬೆಚ್ಚಗಿಟ್ಟ ಮೇಲೆ ತಪಾಸಣೆ ಮಾಡಿ. ಐದು ನಿಮಿಷಕ್ಕಿಂತ ಜಾಸ್ತಿ ಹಿಡಿದುಕೊಳ್ಳಬೇಡಿ. ನಿತ್ರಾಣವಾದ ಕೋಳಿಗೆ ಕೈಯಲ್ಲಿ ಒದ್ದಾಡುವುದೇ ದೊಡ್ಡ ಖರ್ಚು.

ಮೊದಲು ರಕ್ತ. ಕೆಳಗಿನ ಕಣ್ಣುರೆಪ್ಪೆ ಮೆಲ್ಲಗೆ ಎಳೆದು ಒಳಗಿನ ಬಣ್ಣ ನೋಡಿ, ಬಾಯಿಯ ಒಳಗೂ ನೋಡಿ. ನಸುಗೆಂಪು ಇರಬೇಕು. ಬಿಳಿಚಿದ್ದರೆ ರಕ್ತ ಕಡಿಮೆಯಾಗಿದೆ. ಜುಟ್ಟಿನ ಬಣ್ಣವೊಂದನ್ನೇ ನಂಬಬೇಡಿ. ಮೊಟ್ಟೆ ನಿಲ್ಲಿಸಿದ, ಕಾವಿಗೆ ಕೂತ ಹೇಂಟೆಯ ಜುಟ್ಟು ಆರೋಗ್ಯವಾಗಿದ್ದರೂ ಪೇಲವವಾಗಿರುತ್ತದೆ.

ಆಮೇಲೆ ಗುದದ್ವಾರದ ಸುತ್ತ ಪುಕ್ಕ ಬಿಡಿಸಿ ಟಾರ್ಚ್ ಹಾಕಿ. ಪುಕ್ಕದ ಬುಡ ಕಪ್ಪಗೆ ಕೊಳೆ ಹಿಡಿದಂತಿದ್ದು, ಕಣ್ಣಿಗೆ ಕಂಡೂ ಕಾಣದ ಚುಕ್ಕೆಗಳು ಹರಿದಾಡಿ ನಿಮ್ಮ ಕೈಗೂ ಏರುತ್ತಿದ್ದರೆ ಅದು ಮೈಮೇಲೆಯೇ ಬದುಕುವ ನುಸಿ. ಹಳದಿ ಬಣ್ಣದ, ಚಪ್ಪಟೆ ಮೈಯ, ಎರಡು ಮೂರು ಮಿ.ಮೀ. ಉದ್ದದ ಹುಳ ಬೆಳಕು ಬಿದ್ದೊಡನೆ ಓಡಿದರೆ ಅದು ಕೂರೆ. ಪುಕ್ಕದ ಬುಡದಲ್ಲಿ ಬಿಳಿ ಗಂಟು ಕಟ್ಟಿದ್ದರೆ ಅದು ಕೂರೆಯ ಸೀರು. ಕೂರೆ ಮುಖ್ಯವಾಗಿ ಚರ್ಮ, ಪುಕ್ಕ ತಿನ್ನುತ್ತದೆ. ಕೋಳಿ ಬಿಳಿಚಿದ್ದು ಮೈಮೇಲೆ ಬರೀ ಕೂರೆ ಕಂಡರೆ ರಕ್ತ ಕುಡಿದದ್ದು ಇನ್ನೇನೋ ಇದೆ, ಹುಡುಕುವುದನ್ನು ನಿಲ್ಲಿಸಬೇಡಿ.

ರೆಕ್ಕೆಯ ಕೆಳಗೆ, ತೊಡೆಯ ಸಂದಿಯಲ್ಲಿ ಕಪ್ಪು-ಕೆಂಪು ಗುಳ್ಳೆಯಂತೆ ಅಂಟಿಕೊಂಡಿದ್ದರೆ ಕೋಳಿ ಉಣ್ಣೆಯ ಮರಿ. ಇವು ಕೆಲವು ದಿನ ಅಂಟಿಕೊಂಡೇ ರಕ್ತ ಹೀರುತ್ತವೆ. ಕಾಲು ಸೋತು ಕೋಳಿ ಏಳಲಾಗದೆ ಬಿದ್ದಿದ್ದರೆ ಇವನ್ನು ವಿಶೇಷವಾಗಿ ಹುಡುಕಿ. ಈ ಉಣ್ಣೆಯಿಂದ ಪಾರ್ಶ್ವವಾಯು ಬರುವುದುಂಟು, ಎಲ್ಲವನ್ನೂ ಕಿತ್ತರೆ ಎಷ್ಟೋ ಕೋಳಿಗಳು ಎದ್ದು ನಿಲ್ಲುತ್ತವೆ. ಇದೇ ಉಣ್ಣೆ ಜ್ವರ ತರುವ ರೋಗಾಣುವನ್ನೂ ಹರಡುತ್ತದೆ. ಹಾಗಾಗಿ ಉಣ್ಣೆಯ ಜೊತೆ ಹಸಿರು ಭೇದಿ, ತೂಕಡಿಕೆ ಇದ್ದರೆ ವೈದ್ಯರಿಗೆ ತೋರಿಸದೆ ಇರಬೇಡಿ.

ಹಗಲಲ್ಲಿ ಮೈಮೇಲೆ ಏನೂ ಕಾಣದೆ ಕೋಳಿ ಬಿಳಿಚಿದ್ದರೆ ಕೆಂಪು ನುಸಿಯನ್ನು ಅನುಮಾನಿಸಿ. ಅದನ್ನು ಕೋಳಿಯ ಮೇಲಲ್ಲ, ಗೂಡಿನಲ್ಲಿ ಹುಡುಕಬೇಕು. ಕತ್ತಲಾದ ಒಂದೆರಡು ಗಂಟೆಯ ಮೇಲೆ ಟಾರ್ಚ್ ಹಿಡಿದು ಹೋಗಿ, ಕೋಳಿ ಕೂರುವ ಗಳದ ಕೆಳಭಾಗವನ್ನೂ ಎರಡೂ ತುದಿಗಳನ್ನೂ ಬಿಳಿ ಬಟ್ಟೆಯಿಂದ ಉಜ್ಜಿ. ರಕ್ತದ ಗೆರೆ ಬಂದರೆ ಅನುಮಾನವೇ ಬೇಡ.

ಹೊಟ್ಟೆಹುಳದ ಗುರುತು ಬೇರೆ. ಎದೆಮೂಳೆ ಚೂಪಾಗಿ ಕೈಗೆ ಸಿಗುತ್ತದೆ, ಮೇವು ತಿಂದರೂ ತೂಕ ಇಳಿಯುತ್ತದೆ. ಹಿಕ್ಕೆಯಲ್ಲಿ 5ರಿಂದ 12 ಸೆಂ.ಮೀ. ಉದ್ದದ ಬಿಳಿ ಜಂತು ಬಂದರೆ ಅದು ದುಂಡು ಹುಳ. ಅಕ್ಕಿ ಕಾಳಿನಷ್ಟು ಚಪ್ಪಟೆ ತುಣುಕು ಬಂದರೆ ಲಾಡಿ ಹುಳ. ಹಿಕ್ಕೆಯಲ್ಲಿ ರಕ್ತ ಬಂದರೆ, ಅದರಲ್ಲೂ ಎಳೆ ಕೋಳಿಯಾಗಿದ್ದರೆ, ಅದು ರಕ್ತಭೇದಿ ತರುವ ಕಾಕ್ಸಿಡಿಯಾ ಇರಬಹುದು. ಅದಕ್ಕೆ ಜಂತಿನ ಔಷಧಿ ಕೆಲಸ ಮಾಡುವುದಿಲ್ಲ. ಆಂಪ್ರೋಲಿಯಂ ಎಂಬ ಬೇರೆ ಔಷಧಿ ನೀರಿನಲ್ಲಿ ಕೊಡಬೇಕಾಗುತ್ತದೆ. ಅದನ್ನು ಕೊಡುವ ದಿನಗಳಲ್ಲಿ ಬಿ1 ಇರುವ ವಿಟಮಿನ್ ಟಾನಿಕ್ ನಿಲ್ಲಿಸಿ, ಎರಡೂ ಒಂದಕ್ಕೊಂದು ಎದುರು.

ಕಾಲಿನ ಪೊರೆ ಎದ್ದಿದ್ದರೆ ಅದೂ ನುಸಿಯೇ. ಆದರೆ ಅದು ಇವತ್ತಿನ ಕೆಲಸವಲ್ಲ. ಕೋಳಿ ಚೇತರಿಸಿದ ಮೇಲೆ ಬೇವಿನೆಣ್ಣೆಯೋ ಹೊಂಗೆ ಎಣ್ಣೆಯೋ ಹಚ್ಚಿದರಾಯಿತು.

### ಇದು ಹುಳದ ಕಾಟವಲ್ಲ ಎನ್ನುವ ಗುರುತುಗಳು

ಎರಡು ಮೂರು ದಿನದಲ್ಲಿ ಹಲವು ಕೋಳಿ ಒಟ್ಟಿಗೆ ಬಿದ್ದವೇ? ಕುತ್ತಿಗೆ ತಿರುಚುತ್ತಿದೆಯೇ? ಗೊರಗೊರ ಶಬ್ದ, ಮುಖ ಊದುವುದು, ಜುಟ್ಟು ನೀಲಿಗಟ್ಟುವುದು ಇದೆಯೇ? ಹಾಗಿದ್ದರೆ ಕೊಕ್ಕರೆ ರೋಗವೋ ಹಕ್ಕಿಜ್ವರವೋ ಇರಬಹುದು. ಕೋಳಿಯನ್ನು ಎಲ್ಲಿಗೂ ಹೊತ್ತೊಯ್ಯಬೇಡಿ, ಮಾರಬೇಡಿ, ಕೊಯ್ಯಬೇಡಿ. ಹತ್ತಿರದ ಪಶು ಆಸ್ಪತ್ರೆಗೆ ಫೋನ್ ಮಾಡಿ ತಿಳಿಸಿ. ಮೈಮೇಲೆ ನುಸಿ ಸಿಕ್ಕಿತು ಎಂಬ ಒಂದೇ ಕಾರಣಕ್ಕೆ ಈ ಗುರುತುಗಳನ್ನು ತಳ್ಳಿಹಾಕಬಾರದು. ಬೇರೆ ರೋಗದಿಂದ ಸೋತು ಮೈ ಕೊಡವಿಕೊಳ್ಳದ ಕೋಳಿಗೇ ನುಸಿ ಜಾಸ್ತಿ ಹತ್ತುತ್ತದೆ.

## ಹಂತ 3: ನೀರು, ಹನಿ ಹನಿಯಾಗಿ

ಆಹಾರಕ್ಕಿಂತ ಮೊದಲು ನೀರು. ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಒಂದು ಲೀಟರ್‌ನ ಓಆರ್‌ಎಸ್ ಪೊಟ್ಟಣ ಹಾಕಿ. ಪೊಟ್ಟಣ ಇಲ್ಲದಿದ್ದರೆ ಒಂದು ಲೀಟರ್‌ಗೆ ಮಟ್ಟಸವಾಗಿ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಉಪ್ಪು ಒಂದು ಚಿಟಿಕೆಯೂ ಹೆಚ್ಚಾಗಬಾರದು. ಕೋಳಿಗೆ ಉಪ್ಪು ಬೇಗ ವಿಷವಾಗುತ್ತದೆ. ನೀರು ಉಗುರುಬೆಚ್ಚಗಿರಲಿ.

ಮೊದಲು ಕೊಕ್ಕಿನ ತುದಿಯನ್ನು ನೀರಿಗೆ ಮುಟ್ಟಿಸಿ, ಮೂಗಿನ ತೂತು ಮುಳುಗದಂತೆ. ಎಷ್ಟೋ ಕೋಳಿಗಳು ಇಷ್ಟಕ್ಕೇ ಕುಡಿಯಲು ಶುರುಮಾಡುತ್ತವೆ. ಕುಡಿಯದಿದ್ದರೆ ಸಿರಿಂಜ್‌ನಿಂದ ಕೊಕ್ಕಿನ ಪಕ್ಕದ ಅಂಚಿಗೆ ಒಂದು ಹನಿ ಬಿಡಿ. ಅದು ನಾಲಿಗೆ ಆಡಿಸಿ ನುಂಗುವುದನ್ನು ನೋಡಿ. ನುಂಗಿದ ಮೇಲೆ ಇನ್ನೊಂದು ಹನಿ. ಹತ್ತು ಹದಿನೈದು ನಿಮಿಷಕ್ಕೊಮ್ಮೆ ಒಂದೆರಡು ಮಿ.ಲೀ. ಸಾಕು. ತಾನಾಗಿ ಕುಡಿಯದ ಕೋಳಿಗೆ ಇಡೀ ದಿನದಲ್ಲಿ ಕೆಜಿ ತೂಕಕ್ಕೆ ಸುಮಾರು 50 ಮಿ.ಲೀ. ಒಳಗೆ ಹೋಗಬೇಕು.

ಜನ ಅತಿ ಹೆಚ್ಚು ಎಡವುವುದು ಇಲ್ಲೇ. ಬಾಯಿ ಅಗಲಿಸಿ, ತಲೆ ಹಿಂದಕ್ಕೆ ಬಾಗಿಸಿ, ಐದು ಮಿ.ಲೀ. ಒಮ್ಮೆಗೇ ಹಾಕಿಬಿಡುತ್ತಾರೆ. ಕೋಳಿಯ ಬಾಯಿ ತೆರೆದು ನೋಡಿ. ನಾಲಿಗೆಯ ಬುಡದಲ್ಲೇ ಒಂದು ಸೀಳು ತೆರೆದು ಮುಚ್ಚಿ ಮಾಡುತ್ತಿರುತ್ತದೆ. ಅದು ಶ್ವಾಸನಾಳದ ಬಾಯಿ. ಸುರಿದ ನೀರು ನೇರ ಅಲ್ಲಿಗೆ ಇಳಿಯುತ್ತದೆ. ಗೊರಗೊರ ಶಬ್ದ ಬಂದರೆ, ಮೂಗಿನಿಂದ ನೀರು ಬಂದರೆ, ತಕ್ಷಣ ನಿಲ್ಲಿಸಿ ತಲೆಯನ್ನು ಕೆಳಗೆ ಬಾಗಿಸಿ ಹಿಡಿಯಿರಿ.

ನುಂಗುವ ಶಕ್ತಿಯೇ ಇಲ್ಲದಿದ್ದರೆ ಬಾಯಿಗೆ ಏನನ್ನೂ ಹಾಕಬೇಡಿ. ಅಂಥ ಕೋಳಿಗೆ ಚರ್ಮದ ಕೆಳಗೆ ದ್ರವ ಕೊಡಬೇಕು. ಅದು ವೈದ್ಯರ ಕೆಲಸ, ಅವತ್ತೇ ಆಗಬೇಕು. ಹತ್ತಿರದಲ್ಲಿ ಆಸ್ಪತ್ರೆ ಇಲ್ಲದಿದ್ದರೆ ಪಶು ಚಿಕಿತ್ಸೆಯ ಸಹಾಯವಾಣಿ 1962ಕ್ಕೆ ಕರೆ ಮಾಡಿ ವಿಚಾರಿಸಿ.

ಬ್ರಾಂದಿ, ಬೆಳ್ಳುಳ್ಳಿ ರಸ, ಈರುಳ್ಳಿ ರಸ ಹಾಕುವ ರೂಢಿ ಹಲವು ಕಡೆ ಇದೆ. ದಯವಿಟ್ಟು ಬೇಡ. ಈರುಳ್ಳಿ ಜಾತಿಯ ಪದಾರ್ಥ ಜಾಸ್ತಿಯಾದರೆ ಕೆಂಪು ರಕ್ತಕಣಗಳು ಒಡೆಯುತ್ತವೆ. ಮೊದಲೇ ರಕ್ತವಿಲ್ಲದ ಕೋಳಿಗೆ ಇದಕ್ಕಿಂತ ಕೆಟ್ಟದ್ದು ಬೇರೆ ಏನಿದೆ?

## ಹಂತ 4: ಮೈಮೇಲಿನ ರಕ್ತಹೀರುಕಗಳನ್ನು ತೆಗೆಯಿರಿ

ಕಾಲು ಬೆಚ್ಚಗಾಗಿ, ನಾಲ್ಕು ಹನಿ ನೀರು ನುಂಗಿದ ಮೇಲೆ ಇದನ್ನು ಶುರುಮಾಡಿ. ಇದಕ್ಕೆ ನಾಳೆಯವರೆಗೆ ಕಾಯಬಾರದು, ಯಾಕೆಂದರೆ ಪ್ರತಿ ಗಂಟೆಯೂ ರಕ್ತ ಹೋಗುತ್ತಿದೆ.

ಸ್ನಾನ ಮಾಡಿಸಬೇಡಿ. ಒಣ ಪೌಡರ್ ಮಾತ್ರ. ಕೋಳಿಗೆ ಬಳಸಬಹುದು ಎಂದು ಲೇಬಲ್‌ನಲ್ಲಿ ಬರೆದಿರುವ ಪರ್ಮೆಥ್ರಿನ್ ಪೌಡರ್, 0.25 ಶೇಕಡಾ ಬಲದ್ದು, ಪಶು ಔಷಧಿ ಅಂಗಡಿಯಲ್ಲಿ ಕೇಳಿ. ಗಟ್ಟಿಮುಟ್ಟಾದ ದೊಡ್ಡ ಕೋಳಿಗೆ ಒಂದು ಟೀ ಚಮಚದಷ್ಟು, ಅಂದರೆ ನಾಲ್ಕೈದು ಗ್ರಾಂ ಸಾಕು. ನೆಲ ಹಿಡಿದ ಕೋಳಿಗೆ ಅದರ ಅರ್ಧದಿಂದ ಶುರುಮಾಡುವುದು ಒಳ್ಳೆಯದು. ಮೃದುವಾದ ಬ್ರಷ್‌ನಿಂದ ಗುದದ್ವಾರದ ಸುತ್ತ, ಎರಡೂ ರೆಕ್ಕೆಗಳ ಕೆಳಗೆ, ಕತ್ತಿನ ಹಿಂದೆ ಪುಕ್ಕದ ಬುಡಕ್ಕೆ ತಾಗುವಂತೆ ಹಚ್ಚಿ. ಮೇಲಿನಿಂದ ಉದುರಿಸಿದರೆ ಪುಕ್ಕದ ಮೇಲೇ ಉಳಿಯುತ್ತದೆ, ನುಸಿಗೆ ತಾಗುವುದೇ ಇಲ್ಲ. ಕಣ್ಣು, ಮೂಗು, ಬಾಯಿಗೆ ಬೀಳದಂತೆ ಒಬ್ಬರು ತಲೆಯನ್ನು ಬಟ್ಟೆಯಿಂದ ಮರೆಮಾಡಿ ಹಿಡಿಯಲಿ. ಬಯಲಲ್ಲಿ, ಗಾಳಿಗೆ ಬೆನ್ನು ಮಾಡಿ ನಿಂತು ಮಾಡಿ. ಮನೆಯಲ್ಲಿ ಬೆಕ್ಕಿದ್ದರೆ ಪೌಡರ್ ಹಚ್ಚಿದ ಕೋಳಿಯ ಹತ್ತಿರ ಬಿಡಬೇಡಿ. ಪರ್ಮೆಥ್ರಿನ್ ಬೆಕ್ಕಿಗೂ ಮೀನಿಗೂ ವಿಷ.

ಉಣ್ಣೆ ಇದ್ದರೆ ಚಿಮಟದಿಂದ ಚರ್ಮಕ್ಕೆ ತಾಗಿಸಿ ಹಿಡಿದು ನೇರವಾಗಿ ಎಳೆಯಿರಿ. ಹಿಂಡಬೇಡಿ. ಕಿತ್ತದ್ದನ್ನು ಸೋಪಿನ ನೀರಿಗೆ ಹಾಕಿ. ನೂರಾರು ಇದ್ದರೆ ಒಂದೇ ಸಲಕ್ಕೆ ಮುಗಿಸುವ ಹಟ ಬೇಡ. ಹತ್ತು ನಿಮಿಷ ಕಿತ್ತು, ಒಂದು ಗಂಟೆ ಬಲ್ಬಿನ ಕೆಳಗೆ ಬಿಟ್ಟು, ಮತ್ತೆ ಮುಂದುವರಿಸಿ. ಕೈಗವಸು ಬೇಕೇ ಬೇಕು. ಕೋಳಿ ನುಸಿ ನಮ್ಮ ಮೈಮೇಲೆ ಮನೆ ಮಾಡುವುದಿಲ್ಲ, ಆದರೆ ಕಚ್ಚುತ್ತದೆ, ತುರಿಕೆ ಬರುತ್ತದೆ. ಕೆಲಸ ಮುಗಿದ ಮೇಲೆ ಬಟ್ಟೆಯನ್ನು ಬಿಸಿನೀರಿನಲ್ಲಿ ಒಗೆಯಿರಿ.

### ಯಾವುದನ್ನು ಹಚ್ಚಲೇಬಾರದು

ಹೊಲಕ್ಕೆ ತಂದ ಕೀಟನಾಶಕ ಉಳಿದಿದೆ, ಒಂದೆರಡು ಹನಿ ನೀರಿಗೆ ಹಾಕಿ ಹಚ್ಚೋಣ ಎಂಬ ಯೋಚನೆಯೇ ಬೇಡ. ಮೊನೊಕ್ರೊಟೊಫಾಸ್, ಕ್ಲೋರ್‌ಪೈರಿಫಾಸ್ ಮುಂತಾದವು ಚರ್ಮದಿಂದಲೇ ಒಳಗಿಳಿದು ಕೋಳಿಯನ್ನು ಕೊಲ್ಲುತ್ತವೆ. ಜೊಲ್ಲು ಸುರಿಸುವುದು, ಮೈ ನಡುಗುವುದು, ಕಾಲು ಸೋಲುವುದು ಈ ವಿಷದ ಗುರುತು. ಹಚ್ಚಿದ ಕೈಗೂ ಅದೇ ವಿಷ.

ನಾಯಿಯ ಉಣ್ಣೆಗೆ ಬಳಸುವ ಫಿಪ್ರೊನಿಲ್ ಸ್ಪ್ರೇ ಕೂಡ ಬೇಡ. 2017ರಲ್ಲಿ ನೆದರ್ಲೆಂಡ್ಸ್ ಮತ್ತು ಬೆಲ್ಜಿಯಂನ ಕೋಳಿ ಫಾರ್ಮ್‌ಗಳಲ್ಲಿ ಕೆಂಪು ನುಸಿಗೆ ಇದನ್ನು ಬಳಸಿದ್ದು ಗೊತ್ತಾಗಿ, ಲಕ್ಷಾಂತರ ಮೊಟ್ಟೆಗಳನ್ನು ಅಂಗಡಿಗಳಿಂದ ವಾಪಸ್ ತೆಗೆಯಬೇಕಾಯಿತು. ಔಷಧಿ ಮೊಟ್ಟೆಗೆ ಇಳಿದಿತ್ತು.

ಸೀಮೆಎಣ್ಣೆ, ಟರ್ಪೆಂಟೈನ್, ಡೀಸೆಲ್ ಚರ್ಮ ಸುಡುತ್ತವೆ. ಕಾವಿನ ಬುಟ್ಟಿಯಲ್ಲಿ ನುಸಿಗುಳಿಗೆ ಇಡುವ ಅಭ್ಯಾಸ ಕೆಲವು ಮನೆಗಳಲ್ಲಿದೆ. ಅದರಲ್ಲಿರುವ ನ್ಯಾಫ್ತಲೀನ್ ಕೂಡ ರಕ್ತಕಣ ಒಡೆಯುವ ವಸ್ತುವೇ.

ಹುಳ, ನುಸಿ ಕೊಲ್ಲುವ ಐವರ್‌ಮೆಕ್ಟಿನ್ ಎಂಬ ಔಷಧಿಯ ಬಗ್ಗೆ ಬಿಡಿಸಿ ಹೇಳಲೇಬೇಕು. ದನಕ್ಕೆ ಕೊಡುವ 1 ಶೇಕಡಾ ಇಂಜೆಕ್ಷನ್ ಬಾಟಲಿಯನ್ನು ತಂದು "ಎರಡು ಹನಿ ಹಾಕಿ" ಎಂದು ಹೇಳುವವರು ಎಲ್ಲೆಡೆ ಇದ್ದಾರೆ. ಲೆಕ್ಕ ಮಾಡಿ ನೋಡಿ. ಆ ಬಾಟಲಿಯ ಒಂದು ಮಿ.ಲೀ.ಯಲ್ಲಿ 10 ಮಿ.ಗ್ರಾಂ. ಔಷಧಿ ಇದೆ. ಸಾಮಾನ್ಯವಾಗಿ ಬಳಸುವ ಪ್ರಮಾಣ ಕೆಜಿಗೆ 0.2 ಮಿ.ಗ್ರಾಂ. ಒಂದೂವರೆ ಕೆಜಿ ಹೇಂಟೆಗೆ 0.3 ಮಿ.ಗ್ರಾಂ., ಅಂದರೆ 0.03 ಮಿ.ಲೀ. ಒಂದು ಹನಿಯೇ ಸುಮಾರು 0.05 ಮಿ.ಲೀ. ಇರುತ್ತದೆ. ಎರಡು ಹನಿ ಹಾಕಿದರೆ ಮೂರು ಪಟ್ಟಿಗಿಂತ ಜಾಸ್ತಿ ಆಯಿತು. ಈ ಔಷಧಿ ಬೇಕೆಂದು ವೈದ್ಯರು ಹೇಳಿದರೆ ಅವರಿಂದಲೇ ತೆಳುಮಾಡಿಸಿ, ಅಳೆಸಿ ತೆಗೆದುಕೊಳ್ಳಿ.

### ಗಾಯಕ್ಕೆ ಹುಳ ಬಿದ್ದಿದ್ದರೆ

ಭೇದಿಯಿಂದ ಹಿಂಬದಿ ಗಲೀಜಾದ ಕೋಳಿಗೆ ನೊಣ ಮೊಟ್ಟೆಯಿಟ್ಟು ಹುಳ ಬೀಳುತ್ತದೆ. ಕೆಟ್ಟ ವಾಸನೆ ಬಂದರೆ ಗುದದ್ವಾರದ ಕೆಳಗಿನ ಪುಕ್ಕ ಕತ್ತರಿಸಿ ನೋಡಿ. ಹುಳ ಇದ್ದರೆ, ಬೆಚ್ಚಗಿಟ್ಟ ಮೇಲೆ, ಉಳಿದ ಎಲ್ಲಕ್ಕಿಂತ ಮೊದಲು ಇದನ್ನು ನೋಡಿಕೊಳ್ಳಬೇಕು. ಹುಳ ಜೀವಂತ ಮಾಂಸ ತಿಂದು ಒಳಗಿಳಿಯುತ್ತದೆ. ಒಂದು ಲೀಟರ್ ಉಗುರುಬೆಚ್ಚಗಿನ ನೀರಿಗೆ ಎರಡು ಟೀ ಚಮಚ ಉಪ್ಪು ಹಾಕಿ, ಸಿರಿಂಜ್‌ನಿಂದ ಆ ಜಾಗಕ್ಕೆ ಮಾತ್ರ ಚಿಮ್ಮಿಸಿ ತೊಳೆಯಿರಿ. ಹೊರಬಂದದ್ದನ್ನು ಚಿಮಟದಿಂದ ತೆಗೆಯಿರಿ. ಹತ್ತಿಯಿಂದ ಒತ್ತಿ ಒಣಗಿಸಿ ಬಲ್ಬಿನ ಕೆಳಗಿಡಿ. ಆರು ಗಂಟೆಯ ನಂತರ ಮತ್ತೆ ನೋಡಿ, ಖಂಡಿತ ಇನ್ನಷ್ಟು ಸಿಗುತ್ತವೆ. ತೂತು ಆಳವಾಗಿದ್ದರೆ ವೈದ್ಯರೇ ಬೇಕು. ಸೊಳ್ಳೆಪರದೆಯ ಬಟ್ಟೆಯಿಂದ ಡಬ್ಬ ಮುಚ್ಚದಿದ್ದರೆ ಇಷ್ಟೆಲ್ಲ ಮಾಡಿದ್ದೂ ವ್ಯರ್ಥ.

## ಹಂತ 5: ಅದೇ ದಿನ ಗೂಡಿನ ಕೆಲಸ

ಕೋಳಿಯನ್ನು ಚೆನ್ನಾಗಿ ನೋಡಿಕೊಂಡು ಗೂಡನ್ನು ಮರೆತವರ ಮನೆಯಲ್ಲಿ ಇದೇ ಕಥೆ ಮುಂದಿನ ತಿಂಗಳು ಇನ್ನೊಂದು ಕೋಳಿಗೆ ನಡೆಯುತ್ತದೆ. ಕೆಂಪು ನುಸಿ ಊಟವಿಲ್ಲದೆ ತಿಂಗಳುಗಟ್ಟಲೆ ಬದುಕುತ್ತದೆ. ಕೋಳಿ ಉಣ್ಣೆ ವರ್ಷಗಟ್ಟಲೆ. ಗೂಡು ಖಾಲಿ ಬಿಟ್ಟರೆ ಸಾಯುತ್ತವೆ ಎಂದುಕೊಳ್ಳಬೇಡಿ.

ಒಳಗಿನ ಹುಲ್ಲು, ಹೊಟ್ಟು, ಕಾವಿನ ಬುಟ್ಟಿಯ ಹಾಸು ಎಲ್ಲವನ್ನೂ ಚೀಲಕ್ಕೆ ತುಂಬಿ ದೂರ ಒಯ್ದು ಸುಡಿ. ತಿಪ್ಪೆಗೆ ಹಾಕಿದರೆ ಕೋಳಿಗಳೇ ಕೆದರಿ ವಾಪಸ್ ತರುತ್ತವೆ. ಗಳಗಳನ್ನು ಬಿಚ್ಚಿ ಹೊರಗೆ ತನ್ನಿ. ಗಳ ಗೋಡೆಗೆ ಕೂಡುವ ತುದಿ, ಬಿದಿರಿನ ಗೆಣ್ಣು, ಹಲಗೆಯ ಸಂದಿ, ಮೊಳೆಯ ತೂತು, ಬಾಗಿಲ ತಿರುಗಣಿ ಇವೇ ನುಸಿಯ ಮನೆಗಳು. ಕೆರೆದು, ಗುಡಿಸಿ, ಕುದಿಯುವ ನೀರನ್ನು ಸಂದಿಯೊಳಕ್ಕೇ ಸುರಿಯಿರಿ. ಮೇಲಿಂದ ಚಿಮುಕಿಸಿದರೆ ಪ್ರಯೋಜನವಿಲ್ಲ.

ಪೂರ್ತಿ ಒಣಗಿದ ಮೇಲೆ ವೈದ್ಯರು ಹೇಳಿದ ಗೂಡಿನ ಔಷಧಿಯನ್ನು ಲೇಬಲ್‌ನ ಅಳತೆಯಲ್ಲಿ ಸಂದಿಗಳಿಗೆ ಸಿಂಪಡಿಸಿ. ನೀರು, ಮೇವಿನ ತಟ್ಟೆ, ಮೊಟ್ಟೆ ಯಾವುದೂ ಒಳಗಿರಬಾರದು. ಅದು ಒಣಗುವವರೆಗೆ ಕೋಳಿ ಬಿಡಬಾರದು. ಮಣ್ಣಿನ ಗೋಡೆಯಾದರೆ ಬಿರುಕುಗಳಿಗೆ ಕೆಮ್ಮಣ್ಣು ಮೆತ್ತಿ ಸುಣ್ಣ ಬಳಿಯಿರಿ. ಬಿರುಕು ಮುಚ್ಚುವುದು ಔಷಧಿಗಿಂತ ಹೆಚ್ಚು ಕಾಲ ಉಳಿಯುವ ಕೆಲಸ. ಬಿದಿರಿನ ಹಳೇ ಗೂಡನ್ನು ತೊಳೆದು ಶುಚಿ ಮಾಡುವುದು ಬಹಳ ಕಷ್ಟ. ಅದನ್ನು ಸುಟ್ಟು ಹೊಸದು ಮಾಡುವುದೇ ಮೇಲು.

ಅದೇ ಸಂಜೆ ಉಳಿದ ಎಲ್ಲ ಕೋಳಿಗಳಿಗೂ, ಹುಂಜಕ್ಕೂ, ಪೌಡರ್ ಹಚ್ಚಿ. ಸೂರಿನಲ್ಲಿ ಪಾರಿವಾಳ, ಗುಬ್ಬಿಗಳ ಬಿಟ್ಟುಹೋದ ಗೂಡು ಇದ್ದರೆ ತೆಗೆಯಿರಿ. ನುಸಿ ಅಲ್ಲಿಂದಲೂ ಇಳಿಯುತ್ತದೆ.

## ಹಂತ 6: ಆಹಾರ

ಬೆಚ್ಚಗಾಗದ ಕೋಳಿಗೆ ಆಹಾರ ತುರುಕಬೇಡಿ, ಅದು ಅರಗದೆ ಅಲ್ಲೇ ಕೊಳೆಯುತ್ತದೆ. ನೀರು ನುಂಗಲು ಶುರುಮಾಡಿ ಎರಡು ಮೂರು ಗಂಟೆಯಾದ ಮೇಲೆ, ಕುತ್ತಿಗೆಯ ಬುಡದಲ್ಲಿ ಬಲಕ್ಕೆ ಇರುವ ಮೇವಿನ ಚೀಲವನ್ನು ಮುಟ್ಟಿ ನೋಡಿ. ಖಾಲಿಯಿದ್ದರೆ ಶುರುಮಾಡಬಹುದು.

ಬೇಯಿಸಿದ ಮೊಟ್ಟೆಯ ಹಳದಿಯನ್ನು ಬೆಚ್ಚಗಿನ ನೀರಿನಲ್ಲಿ ಕಲಸಿ ಒಂದು ಟೀ ಚಮಚ ಕೊಡಿ. ನೆನೆಸಿದ ಮರಿಕೋಳಿ ಫೀಡ್, ತೆಳ್ಳಗಿನ ರಾಗಿ ಗಂಜಿ ಕೂಡ ಆಗುತ್ತದೆ. ದಿನಕ್ಕೆ ಐದಾರು ಸಲ, ಪ್ರತಿ ಸಲ ಸ್ವಲ್ಪ. ತಟ್ಟೆಯನ್ನು ಬೆರಳಿನಿಂದ ಟಕಟಕ ಕುಟ್ಟಿದರೆ ಎಷ್ಟೋ ಕೋಳಿಗಳು ತಾವಾಗಿ ಕೊಕ್ಕು ಹಾಕುತ್ತವೆ. ಎರಡನೇ ಮೂರನೇ ದಿನದಿಂದ ಸಣ್ಣಗೆ ಹೆಚ್ಚಿದ ನುಗ್ಗೆಸೊಪ್ಪು, ಬೇಯಿಸಿದ ಲಿವರ್ ಸ್ವಲ್ಪ ಸೇರಿಸಿ. ರಕ್ತ ಕೂಡಲು ಪ್ರೋಟೀನ್, ಕಬ್ಬಿಣ ಎರಡೂ ಬೇಕು. ಮನುಷ್ಯರ ಐರನ್ ಸಿರಪ್ ಅಂದಾಜಿನಲ್ಲಿ ಕೊಡಬೇಡಿ. ಹೆಚ್ಚಾದ ಕಬ್ಬಿಣ ವಿಷ. ಜೋಳ, ಭತ್ತದಂಥ ಗಟ್ಟಿ ಕಾಳು ಹಿಕ್ಕೆ ಸರಿಯಾಗುವವರೆಗೆ ಬೇಡ.

ಹಿಕ್ಕೆ ಕಡುಹಸಿರು, ನೀರುನೀರು ಇದ್ದರೆ ಹೊಟ್ಟೆ ಖಾಲಿ ಇದ್ದು ಬರೀ ಪಿತ್ತ ಇಳಿಯುತ್ತಿದೆ ಎಂದು ಅರ್ಥ ಇರಬಹುದು. ತಿನ್ನಲು ಶುರುಮಾಡಿದ ಮೇಲೆ ಕಂದು ಬಣ್ಣಕ್ಕೆ ತಿರುಗಿ ಮೇಲೆ ಬಿಳಿ ಟೊಪ್ಪಿ ಕಾಣಬೇಕು. ಎಚ್ಚರಿಕೆಯ ಗುರುತು ಇನ್ನೊಂದಿದೆ. ರಾತ್ರಿ ತಿಂದದ್ದು ಬೆಳಿಗ್ಗೆಯೂ ಮೇವಿನ ಚೀಲದಲ್ಲೇ ಇದ್ದು, ಬಾಯಿ ಹುಳಿ ವಾಸನೆ ಬಂದರೆ ಆಹಾರ ನಿಲ್ಲಿಸಿ ವೈದ್ಯರಿಗೆ ತೋರಿಸಿ.

## ಹಂತ 7: ಈಗ ಹೊಟ್ಟೆಹುಳ

ಕೋಳಿ ತಾನಾಗಿ ನಿಂತು, ಎರಡು ದಿನ ತಾನಾಗಿ ತಿಂದ ಮೇಲೆ ಇದರ ಸರದಿ. ಸಾಮಾನ್ಯವಾಗಿ ಮೂರರಿಂದ ಐದನೇ ದಿನ. ಅದಕ್ಕೂ ಮುಂಚೆ ತಾಜಾ ಹಿಕ್ಕೆಯನ್ನು ಸಣ್ಣ ಡಬ್ಬಿಯಲ್ಲಿ ಹಾಕಿ ಪಶು ಆಸ್ಪತ್ರೆಗೆ ಕೊಡಿ. ಹೆಬ್ಬಾಳ, ಬೀದರ್, ಶಿವಮೊಗ್ಗ, ಹಾಸನ, ಗದಗದ ಪಶುವೈದ್ಯ ಕಾಲೇಜುಗಳು ಹತ್ತಿರವಿದ್ದರೆ ಅಲ್ಲಿಯೂ ವಿಚಾರಿಸಬಹುದು. ಯಾವ ಹುಳ ಎಂದು ಗೊತ್ತಾಗುವುದು ಮುಖ್ಯ. ಪಿಪರಝಿನ್ ಎಂಬ ಔಷಧಿ ದುಂಡು ಹುಳಕ್ಕೆ ಮಾತ್ರ ಸರಿ, ಲಾಡಿ ಹುಳಕ್ಕೆ ಕೆಲಸ ಮಾಡುವುದಿಲ್ಲ. ಅದಕ್ಕೆ ಪ್ರಾಝಿಕ್ವಾಂಟೆಲ್ ಬೇಕಾಗುತ್ತದೆ.

ಹೊಟ್ಟೆ ತುಂಬ ದುಂಡು ಹುಳ ಇದೆ ಎಂದು ಅನುಮಾನವಿದ್ದರೆ ಅದನ್ನು ವೈದ್ಯರಿಗೆ ಮೊದಲೇ ಹೇಳಿ. ಒಮ್ಮೆಗೇ ಎಲ್ಲವನ್ನೂ ಕೊಲ್ಲುವ ಬದಲು, ಫೆನ್‌ಬೆಂಡಝೋಲ್‌ನಂಥದ್ದನ್ನು ಹಲವು ದಿನಕ್ಕೆ ಹಂಚಿ ಕೊಡುವ ದಾರಿ ಇದೆ. ಪುಕ್ಕ ಉದುರಿ ಹೊಸದು ಬರುತ್ತಿರುವ ಕೋಳಿಗೆ ಆ ಔಷಧಿ ಹೊಂದುವುದಿಲ್ಲ, ಹೊಸ ಪುಕ್ಕ ಕೆಡುತ್ತದೆ. ಅದನ್ನೂ ಹೇಳಿ.

ಅಳತೆಯ ಒಂದು ಉದಾಹರಣೆ. ವೈದ್ಯರು ಆಲ್ಬೆಂಡಝೋಲ್ ಕೆಜಿಗೆ 10 ಮಿ.ಗ್ರಾಂ. ಎಂದು ಬರೆದಿದ್ದಾರೆ, ನಿಮ್ಮ ಕೈಯಲ್ಲಿರುವುದು 2.5 ಶೇಕಡಾ ದ್ರಾವಣ ಎಂದುಕೊಳ್ಳಿ. ಒಂದು ಮಿ.ಲೀ.ಯಲ್ಲಿ 25 ಮಿ.ಗ್ರಾಂ. ಇದೆ. ಒಂದೂವರೆ ಕೆಜಿಗೆ 15 ಮಿ.ಗ್ರಾಂ. ಬೇಕು, ಅಂದರೆ 0.6 ಮಿ.ಲೀ. ಚಮಚದಲ್ಲಿ ಇದನ್ನು ಅಳೆಯಲು ಆಗುವುದಿಲ್ಲ, 1 ಮಿ.ಲೀ. ಸಿರಿಂಜ್ ಇಟ್ಟುಕೊಳ್ಳಿ ಎಂದು ಮೊದಲೇ ಹೇಳಿದ್ದು ಇದಕ್ಕೇ. ಬಾಟಲಿ ಚೆನ್ನಾಗಿ ಕುಲುಕಿ, ನೀರು ಕೊಟ್ಟಂತೆಯೇ ಹನಿ ಹನಿಯಾಗಿ ಕೊಡಿ.

ಮಾರನೇ ದಿನ ಹಿಕ್ಕೆಯಲ್ಲಿ ಹುಳ ಬಿದ್ದರೆ ಗಾಬರಿಯಾಗಬೇಡಿ, ತಕ್ಷಣ ಎತ್ತಿ ಸುಟ್ಟುಬಿಡಿ. ಹಿಕ್ಕೆ ಬರುವುದೇ ನಿಂತು, ಹೊಟ್ಟೆ ಗಟ್ಟಿಯಾಗಿ, ಕೋಳಿ ಮತ್ತೆ ತೂಕಡಿಸಿದರೆ ಮಾತ್ರ ಕರುಳು ಕಟ್ಟಿರಬಹುದು. ಆಗ ಕಾಯಬೇಡಿ, ಆಸ್ಪತ್ರೆಗೆ ಹೋಗಿ.

## ಹಂತ 8: ಎರಡನೇ ಸುತ್ತು ಬಿಡಬೇಡಿ

ಪೌಡರ್ ನುಸಿಯನ್ನು, ಕೂರೆಯನ್ನು ಕೊಲ್ಲುತ್ತದೆ, ಸೀರನ್ನು ಕೊಲ್ಲುವುದಿಲ್ಲ. ಒಂದು ವಾರದೊಳಗೆ ಅವು ಒಡೆದು ಮರಿಯಾಗುತ್ತವೆ. ಆ ಮರಿಗಳು ಬೆಳೆದು ಮೊಟ್ಟೆಯಿಡುವ ಮುಂಚೆ ಹಿಡಿಯಬೇಕು. ಮೊದಲ ಸಲ ಹಚ್ಚಿದ ದಿನವನ್ನು ಕ್ಯಾಲೆಂಡರ್‌ನಲ್ಲಿ ಗುರುತು ಮಾಡಿ. ಏಳನೇ ದಿನ ಎಲ್ಲ ಕೋಳಿಗೂ ಮತ್ತೆ ಹಚ್ಚಿ, ಗೂಡಿನ ಸಂದಿಗಳನ್ನೂ ಮತ್ತೆ ನೋಡಿ. ಹದಿನಾಲ್ಕನೇ ದಿನ ರಾತ್ರಿ ಬಿಳಿ ಬಟ್ಟೆಯ ಪರೀಕ್ಷೆ ಮಾಡಿ. ಗೆರೆ ಬಂದರೆ ಇನ್ನೊಂದು ಸುತ್ತು. ಜಂತಿನ ಔಷಧಿಯ ಎರಡನೇ ಡೋಸ್ ಎರಡು ಮೂರು ವಾರದ ಮೇಲೆ, ವೈದ್ಯರು ಹೇಳಿದ ದಿನ.

ಕೋಳಿ ಚೇತರಿಸಿತು ಎಂದು ಈ ಹಂತ ಬಿಡುವವರೇ ಹೆಚ್ಚು. "ಔಷಧಿ ಹಿಡಿಯಲಿಲ್ಲ" ಎಂಬ ದೂರಿನ ಹಿಂದೆ ಬಹಳ ಸಲ ಇರುವುದು ಇದೇ.

## ಹಂತ 9: ಗುಂಪಿಗೆ ವಾಪಸ್

ಕೋಳಿಯ ಕೆಂಪು ರಕ್ತಕಣದ ಆಯಸ್ಸು 28ರಿಂದ 35 ದಿನ. ಕಳೆದುಹೋದ ರಕ್ತ ಪೂರ್ತಿ ಕೂಡಲು ಮೂರು ನಾಲ್ಕು ವಾರ ಬೇಕೆಂದು ಇಟ್ಟುಕೊಳ್ಳಿ. ಮೂರನೇ ದಿನಕ್ಕೆ ಓಡಾಡಿತು ಎಂದು ಗುಂಪಿಗೆ ಬಿಟ್ಟರೆ ಉಳಿದವು ಕುಕ್ಕಿ ಮತ್ತೆ ನೆಲಕ್ಕೆ ತರುತ್ತವೆ. ಕಣ್ಣುರೆಪ್ಪೆಯ ಒಳಗೆ ನಸುಗೆಂಪು ಬಂದಿರಬೇಕು, ತೂಕ ಏರುತ್ತಿರಬೇಕು, ಬಲ್ಬಿಲ್ಲದೆ ಎರಡು ಮೂರು ರಾತ್ರಿ ಕಳೆದಿರಬೇಕು. ಮೊದಲು ಕೆಲವು ದಿನ ಜಾಲರಿಯ ಆಚೆ ಕಾಣುವಂತೆ ಇಡಿ. ಆಮೇಲೆ ಒಂದು ಸಂಜೆ ಕತ್ತಲಾದ ಮೇಲೆ ಗಳದ ಮೇಲೆ ಕೂರಿಸಿ. ಬೆಳಿಗ್ಗೆ ಗೂಡು ತೆರೆಯುವಾಗ ಹತ್ತಿರವಿದ್ದು ನೋಡಿ.

ಮೊಟ್ಟೆ ಬರುವುದು ತಡವಾಗುತ್ತದೆ, ಅವಸರ ಬೇಡ. ಔಷಧಿ ಕೊಟ್ಟ ಅವಧಿಯ ಮೊಟ್ಟೆಗಳನ್ನು ಎಷ್ಟು ದಿನ ತಿನ್ನಬಾರದು ಎಂದು ಲೇಬಲ್‌ನಲ್ಲಿ ನೋಡಿ, ಅಲ್ಲಿಲ್ಲದಿದ್ದರೆ ವೈದ್ಯರನ್ನು ಕೇಳಿ. ಅಲ್ಲಿಯವರೆಗೆ ಅವನ್ನು ಮಕ್ಕಳಿಗೂ ಕೊಡಬೇಡಿ, ಮಾರಲೂಬೇಡಿ.

ಅಂಗಳದಲ್ಲಿ ಮಳೆ ಬೀಳದ ಕಡೆ ಒಂದು ಗುಣಿ ತೋಡಿ ಒಣ ಮಣ್ಣು, ಮರಳು, ಸ್ವಲ್ಪ ಒಣ ಸೌದೆ ಬೂದಿ ಹಾಕಿಡಿ. ಕೋಳಿ ಹೊರಳಾಡಿ ಮೈ ಕೊಡವಿಕೊಂಡರೆ ನುಸಿ ಹದ್ದುಬಸ್ತಿನಲ್ಲಿರುತ್ತದೆ. ಬೂದಿ ಒದ್ದೆಯಾದರೆ ಚರ್ಮ ಸುಡುತ್ತದೆ, ಬದಲಿಸಿ. ಇದು ತಡೆಯಲು ಒಳ್ಳೆಯದು. ನುಸಿ ಹತ್ತಿ ನೆಲ ಹಿಡಿದ ಕೋಳಿಗೆ ಇದೊಂದೇ ಮದ್ದಾಗದು.

ಸಂತೆಯಿಂದ ತಂದ ಹೊಸ ಕೋಳಿಯನ್ನು ಮೂರು ವಾರ ಬೇರೆ ಇಟ್ಟು, ಪುಕ್ಕ ಬಿಡಿಸಿ ನೋಡಿದ ಮೇಲೆಯೇ ಸೇರಿಸಿ. ಎಲ್ಲ ಕೋಳಿಗಳ ಹಿಂಬದಿಯನ್ನು ತಿಂಗಳಿಗೊಮ್ಮೆ ಟಾರ್ಚ್ ಹಾಕಿ ನೋಡಿ. ಕಾವಿಗೆ ಕೂತ ಹೇಂಟೆಯನ್ನು ಮಾತ್ರ ವಾರಕ್ಕೊಮ್ಮೆ ಎತ್ತಿ ನೋಡಬೇಕು. 21 ದಿನ ಒಂದೇ ಕಡೆ ಕದಲದೆ ಕೂರುವ ಆ ಹೇಂಟೆಯೇ ನುಸಿಗೆ ಮೊದಲು ಸಿಗುವುದು, ಮೇವಿಗೆ ಏಳುವುದೂ ಕಡಿಮೆ. ಅದು ಮೇವಿಗೆ ಎದ್ದ ಹೊತ್ತಿನಲ್ಲೇ ಬುಟ್ಟಿಯ ಹಾಸನ್ನೂ ಮೊಟ್ಟೆಯ ಚಿಪ್ಪನ್ನೂ ನೋಡಿಬಿಡಿ. ಚಿಪ್ಪಿನ ಮೇಲೆ ಚುಕ್ಕೆ ಹರಿದಾಡಿದರೆ ಹಾಸು ಬದಲಿಸಿ ಅವತ್ತೇ ಪೌಡರ್ ಹಚ್ಚಿ.